ಸಾತಲಿಂಗಪ್ಪನ ಹೆಸರಿಗೆ ಬಂದದ್ದು

ನೋಟಿಸು ಅಪ್ಪನ ಹೆಸರಿಗೆ ಬಂತು.
ಅಪ್ಪ ಹೋಗಿ ಮೂರು ವರ್ಷ.
ಪೋಸ್ಟಿನವ ಸಹಿ ಕೇಳಿದ, ನನ್ನದು ಹಾಕಿದೆ,
ಅವ ಓದಲಿಲ್ಲ.

ಸಾತಲಿಂಗಪ್ಪ ಗುರಪ್ಪ ಮೈಂದರಗಿ,
ಸಾಖರ ಪೇಠ, ಸೊಲ್ಲಾಪುರ:
ತಾರೀಖು ಹನ್ನೊಂದು, ರಾತ್ರಿ ಎರಡು ಹದಿನೇಳಕ್ಕೆ
ನೀವು ನಮ್ಮ ಕಂಪನಿಯ ಜಕಾರ್ಡ್ ಸಾಫ್ಟ್‌ವೇರನ್ನು
ಪರವಾನಗಿ ಇಲ್ಲದೆ ಇಳಿಸಿಕೊಂಡಿದ್ದೀರಿ,
ಇಳಿಸಿಕೊಳ್ಳುತ್ತಲೇ ಹಂಚಿದ್ದೀರಿ.
ಕೆಳಗೊಂದು ನಂಬರು.
ನಾಕು ತುಂಡು, ನಡುವ ಮೂರು ಚುಕ್ಕಿ.

ಅವ್ವ ಕಲಿತದ್ದು ಅಕ್ಕಲಕೋಟ ಕಡೆ ಕನ್ನಡ ಸಾಲಿ,
ನಾಕನೇ ಇಯತ್ತೆ ತನಕ.
ನೋಟಿಸು ಇಂಗ್ಲಿಷಿನಾಗ, ಅದರ ಬೆನ್ನಿಗೆ ಮರಾಠಿ.
‘ಏನಂತ?’ ಅಂದಳು.
‘ಬಿಲ್ಲು’ ಅಂದೆ.
‘ಬಿಲ್ಲಿಗೆ ಯಾರೂ ಹಿಂಗ ಬೆವರೂದಿಲ್ಲ.’

ಹೆಂಗ ಹೇಳೂದು ಇದನ್ನ?
ಒಂದು ಚಾದರ ಅಂತ ತಿಳಿ, ಅವ್ವ.
ಯಾರೋ ಒಬ್ಬಿಬ್ಬರ ಹತ್ರ ಪೂರ್ತಿ ಇರ್ತದ,
ಉಳಿದವರ ಹತ್ರ ಚೂರು ಚೂರು.
ಒಬ್ಬನ ಕಡೆ ಕಿನಾರಿ, ಒಬ್ಬನ ಕಡೆ ನವಿಲಿನ ಕಾಲು.
ಕಾಲು ನನ್ನ ಕೈಗೆ ಬಂದ ಗಳಿಗ್ಯಾಗೇ
ಇನ್ನೊಬ್ಬ ನನ್ನಿಂದ ಅದನ್ನ ತಗೋತಾನ.
ತಗೊಂಡದ್ದು ಗೊತ್ತಾಗ್ತದ,
ಕೊಟ್ಟದ್ದು ಗೊತ್ತಾಗೂದಿಲ್ಲ.
ನಾ ಮಲಗಿದ್ದೆ. ಮಶಿನ್ನು ಎಚ್ಚರಿತ್ತು.

‘ಯಾರಿಗೆ ಕೊಟ್ಟಿ?’
ಯಾರಿಗೋ. ಬ್ರೆಜಿಲ್, ವಿಯೆಟ್ನಾಂ, ಸೂರತ್.
‘ಅವರಿಗೆ ನೀ ಗೊತ್ತೇನು?’
ಮನಿ ನಂಬರು ಗೊತ್ತು.
ಎಲ್ಲರಿಗೂ ಎಲ್ಲರ ಮನಿ ನಂಬರು ಕಾಣ್ತದ ಅಲ್ಲಿ.
ಆ ಗದ್ದಲದಾಗ ಒಬ್ಬವ, ಏನೂ ಒಯ್ಯದವ,
ಸುಮ್ಮನ ನಿಂತು ನಂಬರು ಬರಕೊಂಡು ಹೋಗ್ಯಾನ.

ಅವ್ವ ನಕ್ಕಳು.
‘ಖಾಲಿ ಬಾಬೀನು ಸೈತ ಬಾಜೂದವರಿಗೆ ಕೊಡದ ಮನಷ್ಯಾ,
ಸತ್ತ ಮ್ಯಾಲ ದೇಶ ದೇಶಕ್ಕ ಹಂಚಾಕತ್ತಾನ!’

ನಗಿ ನಿಂತ ಮ್ಯಾಲ ಟ್ರಂಕಿನ ತಳಕ್ಕ ಕೈ ಹಾಕಿದಳು.
ತೂತು ತೂತಿನ ದಪ್ಪ ಪಟ್ಟಿ ಒಂದು,
ಅಂಚು ಸುಟ್ಟದ್ದು.
ನಾ ಹುಟ್ಟೂ ಮೊದಲಿನ ಮಾತಂತ.
ಬ್ಯಾರೆ ಕಾರಖಾನಿ ಚಾದರ ರೊಕ್ಕ ಕೊಟ್ಟೇ ತಂದು
ಅಪ್ಪ ಭೂತಗನ್ನಡಿ ಹಿಡಿದು
ಹನ್ನೊಂದು ರಾತ್ರಿ ನೂಲು ಎಣಿಸಿದ್ದ.
ಇವಳು ಬಾಗಿಲ ಸಂದಿಗೆ ಗೋಣಿಚೀಲ ತುರುಕಿ,
ಕಂದೀಲು ಸಣ್ಣ ಮಾಡಿ,
ಅವ ಹೇಳಿದ ಎಣಿಕಿ ಬರಕೊಂಡಿದ್ದಳು.
ಆ ನವಿಲು ನನ್ನ ಸಾಲಿ ಫೀ ಕಟ್ಟಿತು.
ಮಾಲಕ ತಪಾಸಕ್ಕ ಬಂದ ದಿನ ಪಟ್ಟಿ ಎಲ್ಲಾ ಒಲಿಗೆ ಹೋದವು.
ಇದೊಂದನ್ನ ಯಾಕ ಉಳಿಸಿದಳೋ, ಕೇಳಲಿಲ್ಲ.

‘ಕದ್ದದ್ದಕ್ಕ ನಿನ್ನ ಬೈಯೂದಿಲ್ಲ,
ಆ ಹಕ್ಕು ನನಗಿಲ್ಲ.
ಆದ್ರ ನಾವು ಬಾಗಿಲು ಹಾಕಿದ್ದಿವಿ.’

ವಕೀಲರು ಅಂದ್ರು:
ನಂಬರು ಮನಿ ತೋರಿಸ್ತದ, ಮಾರಿ ತೋರಿಸೂದಿಲ್ಲ.
ಸುಮ್ಮನಿರು. ಏನೂ ಬರೀಬ್ಯಾಡ.
ಆದ್ರೂ ಕನೆಕ್ಷನ್ ಆಫೀಸಿಗೆ ಹೋದೆ,
ಅಪ್ಪನ ಮರಣದ ದಾಖಲಾ ಹಿಡಕೊಂಡು.
ಕೌಂಟರಿನ ಹುಡುಗಿ ಫಾರ್ಮು ನೂಕಿದಳು:
ಇಷ್ಟು ದಿನ ವಾಪರಿಸಿದವರು ಯಾರು?
ಆ ಖಾನೆಯ ಮ್ಯಾಲ ಪೆನ್ನು ನಿಂತಿತು.
ಸತ್ತವನನ್ನ ಯಾವ ಕೋರ್ಟೂ ಕರಿಯೂದಿಲ್ಲ.
ಇನ್ನೊಂದು ತಿಂಗಳು, ಇನ್ನೊಂದು ವರ್ಷ
ಅಪ್ಪನ ನೆರಳಾಗ ಕೂಡಬಹುದಿತ್ತು.
ಹಿಂದಿನವ ಕೆಮ್ಮಿದ.
ಬರೆದೆ, ನನ್ನದೇ.

ರಾತ್ರಿ, ಅಳಿಸೂ ಮೊದಲು, ಯಾದಿ ಒಮ್ಮೆ ತೆರೆದೆ.
ಇನ್ನೂ ನಲವತ್ತಮೂರು ಮಂದಿ.
ಒಂದು ನಂಬರಿನ ಮೊದಲ ಮೂರು ತುಂಡು ನಮ್ಮದರಂಗೇ.
ಇದೇ ಊರಿನವ ಇರಬೇಕು.
ನನ್ನಂಗ ಡಿಸೈನ್ ಹೊಡೆದು ಬಾಳುವವ,
ಎರಡು ಲಕ್ಷ ಇಲ್ಲದವ,
ಈಗ ಮಲಗ್ಯಾನ.
ಅವನ ನವಿಲಿಗೆ ನನ್ನ ಮನಿಯಿಂದ ಹೋದ ಕಾಲು.

ಎಬ್ಬಿಸಬೇಕು ಅನಿಸ್ತು.
ಕಿಟಕಿ ತೆಗೆದೆ.
ಓಣಿಗೆ ಏನಂತ ಕೂಗೂದು?
ಅಂಕಿ ಅದ, ಹೆಸರಿಲ್ಲ.
ಎದುರಿನ ಎರಡನೇ ಮಜಲಿನಾಗ
ಸಣ್ಣ ಹಸಿರು ದೀಪ ಒಂದು ಮಿಣುಕತಿತ್ತು,
ಅದರ ಪಕ್ಕ ಇನ್ನೊಂದು,
ಮೂಲಿ ಮನ್ಯಾಗ ಮತ್ತೊಂದು.