ಸೆಕೆಂಡ್ ಮಾಲು

ಅಕ್ಕಲಕೋಟ ರಸ್ತೆದಾಗ ಟವೆಲ್ ಕಾರ್ಖಾನಿ.
ಸೋಲಾಪುರದಾಗ ಇಂಥವು ಎಷ್ಟೋ. ನಾ ಚೆಕಿಂಗಿನಾಕಿ.
ಕೆಳಗ ಟ್ಯೂಬ್‌ಲೈಟ್ ಹಚ್ಚಿದ ಗಾಜಿನ ಟೇಬಲ್ ಮ್ಯಾಲ
ದಿನಕ್ಕ ಆರುನೂರು ಹಾಸಿ, ಹೊಳ್ಳಿಸಿ ನೋಡತೀನಿ.
ಎಳಿ ಹರದದ್ದು, ಗಂಟು ಬಿದ್ದದ್ದು, ಎಣ್ಣಿ ಕಲೆ
ಕಂಡಲ್ಲಿ ಅಂಚಿಗೊಂದು ಕೆಂಪು ದಾರ.
ದಾರ ಇದ್ದದ್ದು ಸೆಕೆಂಡು,
ತೂಕದ ಲೆಕ್ಕದಾಗ ಮಂಗಳವಾರ ಬಜಾರಕ್ಕ.
ಹದಿನೇಳು ವರ್ಷ ಆತು.
ಮುಕಾದಮ ಅಂತಾನ: ಮಹಾನಂದಾ, ನಿಂದು ಕಣ್ಣಲ್ಲ, ಸೂಜಿ.

ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ
ಖಡಕ್ ರೊಟ್ಟಿ, ಶೇಂಗಾ ಹಿಂಡಿ,
ನಾಕು ಮಂದಿ ನಡುವ ಶಹನಾಜಳ ಮೊಬೈಲು
ನೀರಿನ ಬಾಟ್ಲಿಗೆ ಆನಿಸಿ ಇಟ್ಟದ್ದು.
ಅದರಾಗ ಆಕಿ. ವೈಭವಿ ಹತ್ತೂರೆ.
ಕೇಗಾಂವದ ವಿದ್ಯಾಪೀಠ, ಎಮ್ಮೆಸ್ಸಿ ಎರಡನೇ ವರ್ಷ.
'ನಮಸ್ಕಾರ ಮಂಡಳಿ' ಅಂತ ಮರಾಠಿಯೊಳಗ ಸುರು ಮಾಡತಾಳ.
ಎದ್ದದ್ದು, ಜಡಿ ಹಾಕ್ಕೊಂಡದ್ದು, ಸಿಟಿ ಬಸ್ಸು ತಪ್ಪಿದ್ದು,
ಲ್ಯಾಬಿನ ಬಾಗಲ, ರಾತ್ರಿ ಅವಲಕ್ಕಿ ಒಗ್ಗರಣಿ.

ಒಂದಿನ ಎಣ್ಣಿ ಸಿಡೀತು.
'ಅಯ್ಯ ಯವ್ವಾ' ಅಂದಳು.
ನಾವು ರೊಟ್ಟಿ ಮುರಿಯೋದು ಬಿಟ್ಟಿವಿ.
ನಮ್ಮಾಕಿ!
ಶಹನಾಜಳಿಗೂ ನಮ್ಮಾಕಿ, ತೆಲುಗಿನ ಅಂಬೂಬಾಯಿಗೂ ನಮ್ಮಾಕಿ.
ನಮ್ಮಾಕಿ ಆದಮ್ಯಾಲ ಬಿಡತೀವೇನು?

ಹಾಸಿ, ಹೊಳ್ಳಿಸಿ ನೋಡಿದಿವಿ.
ಅಂಬೂಬಾಯಿ ಕಪ್ಪು ಎಣಿಸಿದಳು: ಎರಡು.
ಗೆಳತಿ ಇರಬೇಕು, ಅಂದೆ.
ಗೆಳತಿ ಒಂಬತ್ತು ನಂಬರಿನ ಚಪ್ಪಲಿ ಹಾಕತಾಳೇನು?
ಬಾಗಲ ಹತ್ತಿರ ತೋರಿಸಿದಳು.
ಗುರುಬಾಯಿ ಕ್ಯಾಲೆಂಡರ್ ಓದಿದಳು:
ನಿನ್ನೆ ಅಂದದ್ದು ಹೋದ ವಾರದ್ದು.
ಹಾಸ್ಟೆಲ್ ಅಂತಾಳ, ಕಿಡಕ್ಯಾಗ ಕಾಣೋ ನೀರಿನ ಟಾಕಿ
ಜುಳೆ ಸೋಲಾಪುರದ್ದು, ನಮ್ಮ ಭಾವ ಅಲ್ಲೇ ಬಾಡಿಗಿ ಇದ್ದಾನ,
ಹಂಗಾರ ಆ ಖೋಲಿ ಯಾರದು?
ಸಂಕ್ರಾಂತಿಗೆ ಕಿವ್ಯಾಗ ಬಂಗಾರ ಇತ್ತು,
ಯುಗಾದಿಗೆ ಇಲ್ಲ.
ಪರೀಕ್ಷಾ ಬರದು ಬಂದೆ ಅಂದ ದಿನ
ಮಟಮಟ ಮಧ್ಯಾಹ್ನ ಖೋಲ್ಯಾಗೇ ಇದ್ದಳು.
ಅದು ನಾ ಹೇಳಿದ್ದು. ಯಾವ ಹೊತ್ತಿಗೆ ನೆಳ್ಳು
ಎಲ್ಲಿ ಬೀಳತದ, ನನಗ ತಿಳೀತದ.

ಭಾಳ ಖುಷಿ ಆಗತಿತ್ತು, ಸುಳ್ಳ್ಯಾಕ ಹೇಳಲಿ.
ಮನ್ಯಾಗ ನನ್ನ ಮಗ ಎಲ್ಲಿ ಹೋಗತಾನ, ಯಾರ ಜೋಡಿ ಕೂಡತಾನ,
ಒಂದೆಳಿ ಕೈಗೆ ಸಿಗಂಗಿಲ್ಲ.
ಇಕಿದು ಇಡೀ ಥಾನು ಬಿಚ್ಚೇ ಇತ್ತು.

ಆಮ್ಯಾಲ ಕಪ್ಪು ಒಂದಾತು.
'ನಾ ಹೇಳಿದ್ದಿಲ್ಲ?' ಅಂಬೂಬಾಯಿ ನಕ್ಕಳು.
'ಮಂಡಳಿ' ಅನ್ನೋ ದನಿ ಸಣ್ಣದಾತು.

ಏಪ್ರಿಲ್. ಪತ್ರಾ ಕಾಯ್ದು ಕಾರ್ಖಾನಿ ಭಟ್ಟಿ ಆಗಿತ್ತು.
ಹೊಸದೊಂದು ಬಂತು, ಮೂರು ನಿಮಿಷದ್ದು, ಮಾತಿಲ್ಲ.
ಮುಖಾ ತೊಳಕೊಂಡು ಬಂದು ಕುಂತಳು.
ಹಸಿರು ಪಟ್ಟಿ ಟವೆಲ್ಲಿನಿಂದ ಒರಸಿಕೊಂಡಳು.
ಕಣ್ಣು ಊದ್ಯಾವ, ಅಂದಳು ಗುರುಬಾಯಿ.
ಬಸುರೇನ? ಅಂಬೂಬಾಯಿ.
ಸುಮ್ಮನಿರ್ರಿ, ಶಹನಾಜ್.
ನಾ ಟವೆಲ್ ನೋಡತಿದ್ದೆ.
ಮೂವತ್ತು ಅರವತ್ತರ ಸೈಜು, ನಮ್ಮದೇ ಮಾಲು.
ಅಂಚಿನ್ಯಾಗ ನನ್ನ ಗಂಟು.
ಎಡಗೈ ಸುತ್ತಿನ ಗಂಟು, ಬ್ಯಾರೆ ಯಾರೂ ಹಂಗ ಹಾಕಂಗಿಲ್ಲ.

ಬಿಚ್ಚಿಲ್ಲ ಆಕಿ. ತೊಳದು ತೊಳದು ದಾರ ಗುಲಾಬಿ ಆಗ್ಯಾದ.
ಬೆರಳಿಗೆ ಸುತ್ತತಾಳ, ಬಿಡತಾಳ, ಮತ್ತ ಸುತ್ತತಾಳ,
ಏನೋ ಹೇಳಾಕ ಬಾಯಿ ತೆರೀತಾಳ,
ಅಷ್ಟರಾಗ ಮುಗೀತು.

ಏನ ಕಂಡಿ ಮಹಾನಂದಾ?
ಮೂವರೂ ನನ್ನ ಕಡೆ ತಿರುಗಿದರು.
ಏನಿಲ್ಲ, ಅಂದೆ. ಸಾಫ್ ಅದ.

ಘಂಟಿ ಆತು. ಟೇಬಲ್ಲಿಗೆ ಹೋದೆ.
ಮೊದಲನೇ ಟವೆಲ್ಲಿನ್ಯಾಗೇ ಒಂದೆಳಿ ಹರದಿತ್ತು.
ದಾರ ಕೈಯಾಗ ಹಿಡಕೊಂಡು
ಕುಂತೇ ಇದ್ದೆ, ಮುಕಾದಮ ಬಂದು
ಕೆಮ್ಮೋ ತನಕ.