ಎರಡೇ ಚುಕ್ಕಿ

ನಂಗ ತಮ್ಮ ಇಲ್ಲ.
ಅವ್ವ ಅಂತಾಳ, ರೇಷನ್ ಕಾರ್ಡ್ ಅಂತದ,
ಬೀದರದ ಈ ಓಣಿಗೆ ಓಣಿಯೇ ಅಂತದ.
ಮೃಗಶಿರದ ನಡಕಟ್ಟಿನ್ಯಾಗ ಚುಕ್ಕಿ ಎರಡೇ,
ಮೊದಲಿಂದ ಎರಡೇ, ಅಂತಾರ ಮಂದಿ.
ಸಾಲಿ ಪುಸ್ತಕದಾಗೂ ಎರಡೇ.

ಅರ್ಧಕ್ಕ ಬಿಟ್ಟ ಬಿದ್ರಿ ತಾಟಿನ್ಯಾಗ ಮಾತ್ರ
ಬೆಳ್ಳಿ ಚುಕ್ಕಿ ಮೂರು.
ಮೂರನೇದಕ್ಕ ಎಡಗೈ ಪೆಟ್ಟು ಬಿದ್ದದ.
ನಮ್ಮ ಮನ್ಯಾಗ ಎಡಚರು ಯಾರೂ ಇಲ್ಲ.

ಕಿಲ್ಲಾದ ಮಣ್ಣು ನಾಲಿಗಿ ಮ್ಯಾಲಿಟ್ಟು
ಇದು ಕಪ್ಪು ಹಿಡೀತದ, ಇದು ಹಿಡಿಯಂಗಿಲ್ಲ
ಅಂತ ಹೇಳಾವರು ಯಾರಿದ್ರು?
ಅಪ್ಪನ ನಾಲಿಗಿ ಗುಟ್ಕಾ ತಿಂದು ಸತ್ತು ಎಷ್ಟೋ ವರ್ಷ.
ರೊಟ್ಟಿ ಮುರಿದರ ನನ್ನ ಕೈ ತಾನಾಗೇ
ದೊಡ್ಡ ಪಾಲು ಆಚೆ ಸರಸ್ತದ.
ಆ ಪಾಲು ಅಲ್ಲೇ ಆರ್ತದ.

ನಿನ್ನೆ ನೌಬಾದಿನ ಬಸ್ ಸ್ಟಾಪಿನ್ಯಾಗ
ವೈಜಿನಾಥನ್ನ ಕೇಳಿದೆ:
ನನ್ನ ಹದಿನೇಳು ಚೀಟಿ ನಿನ್ನ ಟ್ರಂಕಿನ್ಯಾಗ ಅವ.
ನೀ ನಮ್ಮ ಓಣಿಗೆ ಬಂದಿಲ್ಲ,
ನಾ ನಿಮ್ಮ ಓಣಿ ತುಳಿದಿಲ್ಲ.
ತಂದು ಕೊಟ್ಟವರು ಯಾರು?
ಅಂವ ಬಹಳ ಹೊತ್ತು ಸುಮ್ಮನಿದ್ದ. ಒಂದು ಬಸ್ ಹೋಯ್ತು.
'ಚೀಟಿಗೆ ಐದರಂತೆ ಎಂಬತ್ತೈದು ರೂಪಾಯಿ ಕೊಟ್ಟೀನಿ.
ಯಾರಿಗಂತ ಗೊತ್ತಿಲ್ಲ' ಅಂದ.
ಇಬ್ಬರೂ ನಕ್ಕಿವಿ.
ಆಮ್ಯಾಲ ನನಗ ನಿಂದ್ರಲಿಕ್ಕ ಆಗಲಿಲ್ಲ.

ಆಕಾಶದಾಚೆ ಒಂದು ಬಾಯಿ ಅದ.
ಅದಕ್ಕ ನಮ್ಮ ಮ್ಯಾಲ ಸಿಟ್ಟಿಲ್ಲ,
ನಾವು ಅದಾವು ಅಂತಲೂ ಗೊತ್ತಿಲ್ಲ.
ಹೆಸರಿಂದ ಸುರು ಮಾಡ್ತದ,
ರೊಟ್ಟಿಯ ಅಂಚು ಮುರಿದಂಗ.

ಇವತ್ತು ಸುರಂಗಬಾವಿಗೆ ಇಳಿದೀನಿ.
ಎದಿಗೆ ತಾಟು, ಟೊಂಕಕ್ಕ ಹಗ್ಗ,
ನೆತ್ತಿ ಮ್ಯಾಲಿನ ಕಿಂಡ್ಯಾಗ ಹಗಲು ನಾಣ್ಯದಷ್ಟು.
ಹಗ್ಗದ ಆ ತುದಿಗೆ ವೈಜಿನಾಥ.
'ನನ್ನ ಎಂಬತ್ತೈದು ವಾಪಸ್ ಕೇಳು' ಅಂತ
ನಗಸಲಿಕ್ಕ ನೋಡ್ತಾನ, ದನಿ ನಡಗತದ.

ಮೊಣಕಾಲ ತನಕ ತಣ್ಣೀರು.
ಮುಂದ ಕತ್ತಲು. ಕತ್ತಲಾದರೂ ಒಂದಿಷ್ಟು ದೂರ ಅಷ್ಟೇ,
ಅದರಾಚೆ ಕತ್ತಲೂ ಇಲ್ಲ.
ಹೆಸರು ಹಿಡಿದು ಕರೀಬೇಕಂದ್ರ ಹೆಸರಿಲ್ಲ.
ತಮ್ಮಾ, ಅಂದೆ.
ಅದು ಯಾರೊಬ್ಬರ ಹೆಸರೂ ಅಲ್ಲ,
ಅದಕ್ಕೇ ಆ ಹಲ್ಲಿಗೆ ಸಿಕ್ಕಿಲ್ಲ.

ಬಹಳ ಹೊತ್ತು ಏನೂ ಇಲ್ಲ. ನೀರು.
ಆಮ್ಯಾಲ, ದೂರ, ಸುತ್ತಿಗಿ.
ಪೆಟ್ಟಿಗೊಮ್ಮೆ ಅರ್ಧ ಗಳಿಗಿ ತಡ,
ಅಂವ ಯಾವತ್ತೂ ಹಂಗೇ.

ನಂಗ ಹ್ಯಾಂಗ ಗೊತ್ತು?

ವೈಜಿನಾಥ,
ಹಗ್ಗ ಇನ್ನಷ್ಟು ಬಿಡು.