ನಡವಳಿ

ಹದಿನೇಳು ವರ್ಷದಿಂದ ನಾನೇ ಬರೆಯುತ್ತಿದ್ದೇನೆ
ಹೊನ್ನಗುಂಟಪಲ್ಲಿ ಪಂಚಾಯ್ತಿಯ ನಡವಳಿ ಪುಸ್ತಕ.
ಚಿಂತಾಮಣಿ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಕೊಂಡದ್ದು,
ಕೆಂಪು ರಟ್ಟು, ನೀಲಿ ಗೆರೆ, ಇನ್ನೂರು ಪುಟ.
ಕೊನೆಯ ಸಾಲನ್ನು ಸಭೆಗೆ ಮೊದಲೇ ಬರೆದಿಟ್ಟಿರುತ್ತೇನೆ:
‘ಸಭೆಯು ಸರ್ವಾನುಮತದಿಂದ ಅಂಗೀಕರಿಸಿತು.’
ಒಳ್ಳೆಯ ಸಾಲು. ಅಕ್ಷರ ಅಂದವಾಗಿ ಕೂರುತ್ತದೆ.

ಜನವೇ? ಜನ ಆಮೇಲೆ.
ಡೈರಿಗೆ ಹಾಲು ಹಾಕಲು ಬಂದವರನ್ನು ಕ್ಯಾನು ಹಿಡಿದು ನಿಲ್ಲಿಸಿ
ಒಂದು ರುಜು,
ಐದು ರೂಪಾಯಿ ಕಾಯಿನ್ನು ಹಾಕಿ ನೀರು ಹಿಡಿಯುವವರ ಬಳಿ
ಕ್ಯಾನು ತುಂಬುವಷ್ಟರಲ್ಲಿ ಇನ್ನೊಂದು.
ಹೆಬ್ಬೆಟ್ಟಿಗೆಂದು ಶಾಯಿ ಡಬ್ಬಿ ಜೇಬಿನಲ್ಲೇ.
ಹಿಪ್ಪುನೇರಳೆ ಸೊಪ್ಪಿನ ಹಸಿರು ಹತ್ತಿದ ಬೆರಳುಗಳು
ನನ್ನ ಪುಟಗಳ ಅಂಚಿನಲ್ಲಿ ಎಷ್ಟೋ ಇವೆ.
ಕೋರಂ ತುಂಬುತ್ತಿತ್ತು. ಜಗಲಿ ತುಂಬುತ್ತಿರಲಿಲ್ಲ.

ಈ ಸಲ ಹಾಗಾಗಲಿಲ್ಲ.

ಶಾಲೆಯ ಜಗಲಿಯಲ್ಲಿ ಮೈಕು ಟೆಸ್ಟಾಗುವ ಮೊದಲೇ
ಹನ್ನೊಂದು ಜನ ಬಂದು ಮುಂದಿನ ಚಾಪೆಯಲ್ಲಿ ಕೂತರು.
ರೇಷ್ಮೆ ಬಿಚ್ಚುವ ಬಿಸಿನೀರಿಗೆ ಬೆರಳು ನೆರಿಗೆಗಟ್ಟಿದ ಇಂತಿಯಾಜ್ ಪಾಷ,
ಟೊಮ್ಯಾಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಬೈರೆಡ್ಡಿಯ ಮೊಮ್ಮಗ,
ಮತ್ತೆ ಕಾಲೊನಿಯ ಗಂಗರತ್ನ.
ಡಿಗ್ರಿ ಎರಡನೇ ವರ್ಷ. ಕೈಯಲ್ಲೊಂದು ನೋಟ್‌ಬುಕ್ಕು.
‘ನಾವೂ ಬರಕೊಂಡು ಬಂದಿದ್ದೀವಿ ಸಾರ್’ ಅಂದಳು.
ತೊಡೆಯ ಮೇಲಿನ ನನ್ನ ಪುಸ್ತಕ ಸ್ವಲ್ಪ ಭಾರವಾಯಿತು.

ಹಿಂದಿನ ಸಭೆಯದ್ದು ಓದಿ, ಅಂದರು.
ಅದುವರೆಗೂ ಯಾರೂ ಕೇಳಿರಲಿಲ್ಲ. ಕನ್ನಡಕ ಹುಡುಕಿದೆ.
ಕಾಲೊನಿಗೆ ಆರು ಬೀದಿದೀಪ ಅಳವಡಿಸಲಾಗಿದೆ.
ಅದರ ಹಿಂದಿನದು ಓದಿ.
ಆರು ಬೀದಿದೀಪ ಅಳವಡಿಸಲಾಗಿದೆ.
ಅದರ ಹಿಂದಿನದು.
ಲಾಗಿದೆ, ಲಾಗಿದೆ, ಲಾಗಿದೆ.
ನನ್ನ ವ್ಯಾಕರಣದಲ್ಲಿ ಮಾಡಿದವರೇ ಇರಲಿಲ್ಲ ನೋಡಿ.

‘ಹದಿನೆಂಟಾಯ್ತು ಸಾರ್. ನಾವು ರಾತ್ರಿ ಹೋಗಿ ಎಣಿಸಿದ್ವಿ.
ಕಂಬ ಒಂಬತ್ತು. ಉರಿಯೋದು ಎರಡು.
ಅದ್ರಲ್ಲಿ ಒಂದು ಮೆಂಬರ್ ಮನೆ ಮುಂದೆ.’

ನಗು. ಆಮೇಲೆ ಗಲಾಟೆ.
ನಮ್ಮೂರಲ್ಲಿ ಜಗಳ ತೆಲುಗಿನಲ್ಲಿ ಹುಟ್ಟಿ
ಪುಸ್ತಕಕ್ಕೆ ಬರುವಾಗ ಕನ್ನಡವಾಗುತ್ತದೆ,
ಅರ್ಧ ದಾರಿಯಲ್ಲೇ ಚೆಲ್ಲಿಹೋಗುತ್ತದೆ.
‘ಮೀಸೆ ಬಾರದವರಿಗೆಲ್ಲ ಏನು ಮಾತು’ ಅಂದರು ಹಿರಿಯರೊಬ್ಬರು.
‘ನನಗೆ ಬರೋದೂ ಇಲ್ಲ ತಾತ’ ಅಂದಳು ಗಂಗರತ್ನ.

ಅಧ್ಯಕ್ಷೆಯ ಗಂಡ ಗಂಟಲು ಸರಿಮಾಡಿಕೊಂಡು ಎದ್ದರು,
ಯಾವಾಗಲೂ ಏಳುವ ಹಾಗೆ.
‘ಕೂತ್ಕೊಳ್ಳಿ ಅಣ್ಣ. ನಾವು ಕೇಳಿದ್ದು ಅಕ್ಕನ್ನ.’

ಮೈಕಿನ ಮೇಲೆ ನೊಣ ನಡೆದದ್ದೂ ಕೇಳಿಸಿತು.

ನಾಗವೇಣಮ್ಮ,
ಮೂರು ವರ್ಷದಿಂದ ನನ್ನ ಪುಸ್ತಕದಲ್ಲಿ ಬರೀ ರುಜುವಾಗಿದ್ದವರು,
ಸೆರಗು ಸರಿಪಡಿಸಿಕೊಂಡು ಹೇಳಿದರು:
‘ಬಿಲ್ಲು ನಾನೂ ನೋಡಿಲ್ಲ ಕಣಮ್ಮ.
ನಾಳೆ ನೋಡೋಣ. ನೀನೂ ಬಾ.’

ಇದನ್ನು ಹೇಗೆ ಬರೆಯುವುದು?
ಪುಟದ ಕೆಳಗಿಂದ ಆ ಹಳೆಯ ಸಾಲು ನನ್ನನ್ನೇ ನೋಡುತ್ತಿತ್ತು.
ಹೊಡೆದುಹಾಕಿದೆ.
ಪಕ್ಕದಲ್ಲಿ ಚಿಕ್ಕ ರುಜು ಹಾಕಿದೆ, ಅದು ನಿಯಮ.
‘ಚರ್ಚೆ ನಡೆಯಿತು’ ಎಂದು ಬರೆದೆ.
ಅರ್ಕಾವತ್ತಿಗೆ ಕೈ ತಡವರಿಸಿತು.
ಅಭ್ಯಾಸವಿಲ್ಲದ ಪದ.

ದೀಪ ಬಂತೇ ಅಂದರೆ, ಒಂದು ಬಂತು.
ಗಾಳಿ ಬೀಸಿದರೆ ಆರುತ್ತದೆ, ಕಂಬಕ್ಕೊಂದು ಗುದ್ದಿದರೆ ಹತ್ತುತ್ತದೆ.
ಅದರ ಕೆಳಗೆ ಕೂತು ಈಗ ನೀರಿನ ಲೆಕ್ಕ ಬರೆಯುತ್ತಿದ್ದಾರೆ,
ಯಾವ ಬೀದಿಗೆ ನಲ್ಲಿ ಎಷ್ಟು ನಿಮಿಷ.
ಮೊನ್ನೆ ಹಾದುಹೋಗುವಾಗ ಬಗ್ಗಿ ನೋಡಿದೆ, ಕಾಗುಣಿತ ತಪ್ಪು.
ತಿದ್ದಿಕೊಡಲೇ ಅಂದೆ.
‘ಬೇಡ ಸಾರ್’ ಅಂದ ಪಾಷ, ‘ನೀವು ತಿದ್ದಿದ್ರೆ
ಎಲ್ಲ ಲಾಗಿದೆ ಆಗೋಗುತ್ತೆ.’

ನನಗೆ ರಿಟೈರಾಗಲು ಇನ್ನು ಹನ್ನೊಂದು ತಿಂಗಳು.
ಹಳೆಯ ಪುಸ್ತಕ ಮುಗಿಯುತ್ತಾ ಬಂತು,
ಹೊಸದು ತಂದಿದ್ದೇನೆ.
ಅದೇ ಅಂಗಡಿ, ಅದೇ ಕೆಂಪು ರಟ್ಟು.
ಈ ಸಲ ನಾನೂರು ಪುಟದ್ದು ಕೇಳಿದೆ.